‘ಬಿಡಾಡಿ’ಯೋ ‘ಬೀಡಾಡಿ’ಯೋ? ಗೊತ್ತುಗುರಿ ಇಲ್ಲದೆ ತಿರುಗುವವರ ಪದದ ಅರ್ಥ, ಮೂಲ

ಕರಡುಕಣ್ಣು:
ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಒಂದೇ ಸಂಚಿಕೆಗೆ ಬಂದ ಎರಡು ಬರಹಗಳಲ್ಲಿ ಒಬ್ಬರು ‘ಬಿಡಾಡಿ ದನ’ ಎಂದು ಬರೆದಿದ್ದಾರೆ, ಇನ್ನೊಬ್ಬರು ‘ಬೀಡಾಡಿ ದನ’ ಎಂದು. ದಿನಪತ್ರಿಕೆ ತೆರೆದರೆ ಎರಡೂ ಕಾಣಿಸುತ್ತವೆ. ಯಾವುದಾದರೂ ಒಂದನ್ನು ಗೊತ್ತುಮಾಡಿಕೊಳ್ಳಬೇಕು. ಇದು ‘ಬಿಡು’ ಅನ್ನುವುದರಿಂದ ಬಂದದ್ದೋ, ‘ಬೀಡು’ ಅನ್ನುವುದರಿಂದಲೋ? ಮತ್ತೆ ಇದು ದನಕ್ಕೆ ಮಾತ್ರ ಹೇಳುವ ಮಾತೇ? ನಮ್ಮಜ್ಜಿ ಹೊತ್ತು ಮುಳುಗಿದರೂ ಮನೆ ಸೇರದ ಹುಡುಗರನ್ನೆಲ್ಲ ‘ಬಿಡಾಡಿ’ ಅಂತಲೇ ಬಯ್ಯುತ್ತಿದ್ದರು. ಬಲ್ಲವರು ಹೇಳಿ.

ಕಬ್ಬಿನಗದ್ದೆ:
ಬಿಡಾಡಿ ಗುರು, ಇದ್ರಲ್ಲಿ ಡೌಟೇನು? ಕಟ್ಟಾಕ್ದೆ ಬಿಟ್ಟಿರೋದು, ಆಡ್ಕೊಂಡಿರೋದು. ಬಿಡು, ಆಡು. ಮುಗೀತು.

ಬೇರುಬಿಳಲು:
ಮುಗಿಯಲಿಲ್ಲ ಸ್ವಾಮಿ, ಈಗ ಶುರು.

ಸಂಧಿಯ ಲೆಕ್ಕದಲ್ಲಿ ಎರಡೂ ಸರಿಯೇ. ಬಿಡು + ಆಡಿ ಅಂದರೂ ಉಕಾರ ಬಿದ್ದು ‘ಬಿಡಾಡಿ’ ಆಗುತ್ತದೆ, ಬೀಡು + ಆಡಿ ಅಂದರೂ ಉಕಾರ ಬಿದ್ದು ‘ಬೀಡಾಡಿ’ ಆಗುತ್ತದೆ. ಲೋಪಸಂಧಿಗೆ ಎರಡರ ಮೇಲೂ ಪ್ರೀತಿ ಒಂದೇ. ಹಾಗಾಗಿ ಸಂಧಿ ಬಿಡಿಸಿ ತೀರ್ಪು ಕೊಡಲಾಗುವುದಿಲ್ಲ, ಪದದ ಜಾತಕ ನೋಡಬೇಕು.

ಕನ್ನಡದಲ್ಲಿ ‘-ಆಡಿ’ ಎಂದು ಮುಗಿಯುವ ಪದಗಳು ಮುಖ್ಯವಾಗಿ ಎರಡು ಬಗೆ. ಒಂದು ಬಗೆಯವು ಕ್ರಿಯಾಪದದಿಂದ ನೇರ ಇಳಿದವು. ತಿರುಗಾಡು ಅನ್ನುವ ಕ್ರಿಯೆ ಇದೆ, ತಿರುಗಾಡಿ ಅದರಿಂದ ಬಂತು. ಇನ್ನೊಂದು ಬಗೆಯಲ್ಲಿ ಮುಂದೆ ಜಾಗದ ಹೆಸರು ನಿಲ್ಲುತ್ತದೆ: ಕಾಡಾಡಿ, ನಾಡಾಡಿ. ಕಾಡಿನಲ್ಲಿ ತಿರುಗುವವನು ಕಾಡಾಡಿ. ನಾಡಿನಲ್ಲಿ ಎಲ್ಲರ ಹಾಗೆ ತಿರುಗಿಕೊಂಡಿರುವವನು ನಾಡಾಡಿ. ಹಳೆಯ ಕಾವ್ಯಗಳಲ್ಲಿ ಇದರ ಅರ್ಥ ‘ಸಾಮಾನ್ಯ’, ‘ಎಲ್ಲೆಲ್ಲೂ ಸಿಗುವಂಥದ್ದು’. ‘ಇವನು ನಾಡಾಡಿಯಲ್ಲ’ ಅಂದರೆ ಸಾಮಾನ್ಯನಲ್ಲ ಅಂತ. ಇಲ್ಲಿ ಗಮನಿಸಿ, ‘ಕಾಡಾಡು’, ‘ನಾಡಾಡು’ ಅನ್ನುವ ಕ್ರಿಯಾಪದಗಳು ಬಳಕೆಯಲ್ಲಿಲ್ಲ. ಹಾಗೆಯೇ ‘ಬಿಡಾಡು’ ಅನ್ನುವುದೂ ಇಲ್ಲ. ‘ಅವನು ಊರೆಲ್ಲ ಬಿಡಾಡುತ್ತಾನೆ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ.

ಆ ಕಾರಣಕ್ಕೆ ರಚನೆಯ ದೃಷ್ಟಿಯಿಂದ ‘ಬೀಡಾಡಿ’ಗೆ ಒಂದು ತೂಕ ಹೆಚ್ಚು ಅನ್ನಬೇಕು: ಕಾಡು, ನಾಡು, ಬೀಡು. ಮೂರೂ ಜಾಗಗಳೇ.

ಕಬ್ಬಿನಗದ್ದೆ:
ಸರ್, ನಮ್ಮ ಕಡೆ ‘ಬೀ’ ಅಂತ ಎಳೆದು ಯಾರೂ ಹೇಳಲ್ಲ. ಬೀಡಿ ಸೇದ್ಕೊಂಡು ಅಡ್ಡಾಡೋನು ಬೀಡಾಡಿ ಅಂತ ಬೇಕಾದ್ರೆ ಬರ್ಕೊಳ್ಳಿ.

ಕಡಲಬದಿ:
ಹ್ಹ ಹ್ಹ. ಆದರೆ ‘ಬೀಡಾಡಿ’ ನಮ್ಮ ಕಿವಿಗೆ ಬೇರೆ ಕಾರಣಕ್ಕೆ ವಿಚಿತ್ರ. ತುಳುನಾಡಿನಲ್ಲಿ ಬೀಡು ಅಂದರೆ ಬಲ್ಲಾಳರ, ಹೆಗ್ಗಡೆಯವರ ದೊಡ್ಡ ಮನೆ. ಅಂಗಳ, ಚಾವಡಿ, ಪಟ್ಟದ ದೈವ ಎಲ್ಲ ಇರುವ ಮನೆತನದ ನೆಲೆ. ಬೀಡಿನವರು ಅಂದರೆ ಗೌರವದ ಮಾತು. ಅಂಥ ಪದಕ್ಕೆ ‘ಆಡಿ’ ಸೇರಿಸಿ ಬೀದಿಯಲ್ಲಿ ಪ್ಲಾಸ್ಟಿಕ್ ತಿನ್ನುವ ದನಕ್ಕೆ ಹೇಳುವುದೇ?

ಬೇರುಬಿಳಲು:
ಒಳ್ಳೆಯ ಎಳೆ ಹಿಡಿದಿರಿ. ಬೀಡು ಮೊದಲಿಗೆ ಮನೆಯಲ್ಲ. ಅದು ದಂಡು ಬಂದು ಇಳಿದ ಜಾಗ. ಗಾಡಿಯಿಂದ ಎತ್ತು ಬಿಡುವುದು, ಹೊರೆ ಇಳಿಸುವುದು, ಡೇರೆ ಹೊಡೆಯುವುದು, ಇಷ್ಟಾದರೆ ಅದು ಬೀಡು. ‘ಬಿಡು’ ಅನ್ನುವ ಧಾತುವಿನ ಮೊದಲ ಸ್ವರ ಉದ್ದವಾದರೆ ‘ಬೀಡು’ ಅನ್ನುವ ನಾಮಪದ. ಕೆಡು ಇಂದ ಕೇಡು, ಪಡು ಇಂದ ಪಾಡು, ಇಡು ಇಂದ ಈಡು ಆದ ಹಾಗೇ.

ರಾಜರು ವರ್ಷದಲ್ಲಿ ಬಹುಪಾಲು ದಂಡಿನ ಜೊತೆ ಓಡಾಡುತ್ತಿದ್ದ ಕಾಲ ಅದು. ಎಲ್ಲಿ ಹೆಚ್ಚು ಕಾಲ ನಿಲ್ಲುತ್ತಿದ್ದರೋ ಅದು ‘ನೆಲೆವೀಡು’. ಚಾಲುಕ್ಯ, ಹೊಯ್ಸಳರ ಶಾಸನಗಳನ್ನು ಓದಿದವರಿಗೆ ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’ ಎಂಬ ಸಾಲು ಬಾಯಿಪಾಠ ಆಗಿಬಿಟ್ಟಿರುತ್ತದೆ. ನೆಲೆಯಾದ ಬೀಡು ಎಂದು ಬಿಡಿಸಿ ಹೇಳಬೇಕಾಗಿ ಬಂತು ಅಂದರೆ, ಬರೀ ಬೀಡಿಗೆ ನೆಲೆ ಇರಲಿಲ್ಲ ಅಂತಲೇ ಅರ್ಥ. ದೋರಸಮುದ್ರಕ್ಕೆ ಹಳೇಬೀಡು ಅನ್ನುವ ಹೆಸರು ಅಂಟಿದ್ದೂ ಇದೇ ಪದದಿಂದ. 1311ರಲ್ಲಿ ಮಲಿಕ್ ಕಾಫರನ ದಂಡು ಅಲ್ಲಿಗೆ ಬಂತು. ಮುಂದೆ ರಾಜಧಾನಿಯ ವೈಭವವೂ ಹೋಯಿತು, ಹೆಸರಿನಲ್ಲಿ ‘ಹಳೆ’ ಸೇರಿಕೊಂಡಿತು. ತುಳುನಾಡಿನ ಬೀಡು ಆ ಪಯಣದ ಕೊನೆಯ ನಿಲ್ದಾಣ: ಡೇರೆ ಹೋಗಿ ಚಾವಡಿ ಬಂತು.

ಕರಡುಕಣ್ಣು:
ಹಾಗಾದರೆ ಬೀಡಾಡಿ ಅಂದರೆ ಬೀಡಿನಿಂದ ಬೀಡಿಗೆ ಹೋಗುವವನು, ಅಂದರೆ ದಂಡಿನ ಹಿಂದೆ ತಿರುಗುವವನು ಎಂದೇ?

ಬೇರುಬಿಳಲು:
ಕಾಡಾಡಿಯ ಮಾದರಿಯಲ್ಲಿ ಓದಿದರೆ ಹಾಗೇ ಬರುತ್ತದೆ. ಒಂದು ಕಡೆ ಮನೆ ಹೂಡದೆ ಬಿಡಾರದಿಂದ ಬಿಡಾರಕ್ಕೆ ಹೋಗುವವನು. ‘ಬಿಡಾರ’ವೂ ಅದೇ ಬೇರಿನದು, ‘ಬಿಡದಿ’ಯೂ ಅದೇ. ಮದುವೆಯಲ್ಲಿ ಗಂಡಿನ ಕಡೆಯವರನ್ನು ಇಳಿಸುವ ಮನೆಯನ್ನು ನಾವು ಬಿಡದಿ ಅಂತೀವಿ, ತೆಲುಗಿನವರು ‘ವಿಡಿದಿ’ ಅಂತಾರೆ. ತಮಿಳಿನಲ್ಲಿ ‘ವಿಡುದಿ’ ಅಂದರೆ ಹಾಸ್ಟೆಲ್ಲು.

ಸುಭಾಷಿತ:
ಎಲ್ಲರೂ ದಾರಿ ತಪ್ಪಿದ್ದೀರಿ. ಮೂಲ ಸಂಸ್ಕೃತ. ‘ವಿಟ’ ಅಂದರೆ ಪೋಲಿ, ‘ಅಟ’ ಅಂದರೆ ತಿರುಗುವುದು (ಅಟನ, ಪರ್ಯಟನ ನೋಡಿ). ವಿಟಾಟಿ ಹೋಗಿ ಬಿಡಾಡಿ ಆಗಿದೆ. ವಕಾರ ಬಕಾರವಾಗುವುದು ಸಾಮಾನ್ಯ ನಿಯಮ.

ಬೇರುಬಿಳಲು:
ನಿಯಮ ಸರಿ, ಅನ್ವಯ ಸರಿಯಿಲ್ಲ. ವಕಾರ ಬಕಾರವಾಗುವುದು ನಮ್ಮ ನುಡಿಗಳ ಒಳಗಿನದೇ ವ್ಯವಹಾರ. ತಮಿಳಿನ ‘ವಾ’ ನಮಗೆ ‘ಬಾ’, ‘ವಿಲ್’ ನಮಗೆ ‘ಬಿಲ್ಲು’, ‘ವೇರ್’ ನಮಗೆ ‘ಬೇರು’, ‘ವಾಯ್’ ನಮಗೆ ‘ಬಾಯಿ’. ಅದೇ ಸಾಲಿನಲ್ಲಿ ‘ವಿಡು’ ನಮಗೆ ‘ಬಿಡು’, ‘ವೀಡು’ ನಮಗೆ ‘ಬೀಡು’. ಬಿಡು, ಬಿಡಿ, ಬಿಡುವು, ಬಿಡುಗಡೆ, ಬೀಡು, ಬಿಡಾರ ಎಂದು ಇಷ್ಟು ದೊಡ್ಡ ಸಂಸಾರ ಮನೆಯಲ್ಲೇ ಇರುವಾಗ ‘ವಿಟಾಟಿ’ ಅನ್ನುವ, ಎಲ್ಲೂ ಬಳಕೆಯಲ್ಲಿಲ್ಲದ ನೆಂಟನನ್ನು ಕರೆತರುವುದೇಕೆ?

ತಮಿಳಿನ ‘ವೀಡು’ ಬಗ್ಗೆ ಇನ್ನೊಂದು ಮಾತು. ಅಲ್ಲಿ ಅದಕ್ಕೆ ಮನೆ ಎಂಬ ಅರ್ಥವೂ ಇದೆ, ಮೋಕ್ಷ ಎಂಬ ಅರ್ಥವೂ ಇದೆ. ಬಿಟ್ಟು ಇಳಿಯುವ ಜಾಗ ಮನೆ, ಎಲ್ಲವನ್ನೂ ಬಿಟ್ಟರೆ ಮೋಕ್ಷ. ಮನೆಗೂ ಮನೆಯಿಲ್ಲದ ಬಿಡಾಡಿಗೂ ಒಂದೇ ಬೇರು. ಈ ಚರ್ಚೆಯಲ್ಲಿ ನನಗೆ ತೀರಾ ಇಷ್ಟವಾದ ಸಂಗತಿ ಇದೇ.

ಎರೆಹೊಲ:
ಸರ, ನೀವು ‘ಆಡಿ’ ಬಗ್ಗೆ ಹೇಳಿದ್ರಿ, ‘ಆಡು’ ಬಗ್ಗೆ ಹೇಳಲಿಲ್ಲ. ನಮ್ಮ ಧಾರವಾಡ ಕಡೆ ‘ಅಡ್ಡ್ಯಾಡೂದು’ ಅಂದ್ರ ಬೈಗುಳ ಅಲ್ರಿ. ಊಟಾದ ಮ್ಯಾಲ ಚೂರು ಅಡ್ಡ್ಯಾಡಿ ಬರೂಣು ಅಂತೀವಿ. ಡಾಕ್ಟರೂ ‘ದಿನಾ ಅಡ್ಡ್ಯಾಡ್ರಿ’ ಅಂತಾರ. ಅದಕ್ಕೂ ಗುರಿ ಇಲ್ಲ, ಬಿಡಾಡಿಗೂ ಗುರಿ ಇಲ್ಲ. ಒಂದು ಆರೋಗ್ಯ, ಒಂದು ಬೈಗುಳ. ಯಾಕ ಹಂಗ?

ಬೇರುಬಿಳಲು:
‘ಆಡು’ ಅಂಟಿದರೆ ಕ್ರಿಯೆಗೆ ಏನಾಗುತ್ತದೆ ಅನ್ನುವುದಕ್ಕೆ ಜೋಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಮಾನ ಹಾರುತ್ತದೆ, ಬಾವುಟ ಹಾರಾಡುತ್ತದೆ. ಎರಡನೆಯದಕ್ಕೆ ಮುಟ್ಟುವ ಊರಿಲ್ಲ. ಹುಡುಕುವುದಕ್ಕೆ ಒಂದು ಜಾಗ ಗೊತ್ತಿರಬಹುದು. ಹುಡುಕಾಡುವವನಿಗೆ ಎಲ್ಲಿ ನೋಡಬೇಕೆಂದೇ ತಿಳಿದಿರುವುದಿಲ್ಲ. ಕಾಯಿಲೆಯಿಂದ ಎದ್ದವರ ಬಗ್ಗೆ ‘ಈಗ ನಡೀತಾರೆ’ ಅನ್ನುವುದಕ್ಕಿಂತ ‘ಮನೆಯೊಳಗೆ ನಡೆದಾಡ್ತಾರೆ’ ಅನ್ನುತ್ತೇವೆ, ಯಾಕೆಂದರೆ ಅವರು ಎಲ್ಲಿಗೂ ಹೋಗುತ್ತಿಲ್ಲ.

ಎಲ್ಲಕ್ಕಿಂತ ಮಜಾ ‘ಓಡಾಡು’. ಅದರಲ್ಲಿ ಓಟವೇ ಇಲ್ಲ! ‘ಮಂಡಿನೋವು, ಓಡಾಡಕ್ಕಾಗಲ್ಲ’ ಅನ್ನುವ ಅಜ್ಜಿ ಓಡುವ ಮಾತಾಡುತ್ತಿಲ್ಲ. ‘ಆಡು’ ಬಂದು ಕ್ರಿಯೆಯ ವೇಗವನ್ನೂ ಕೊನೆಯನ್ನೂ ಕಿತ್ತುಕೊಂಡು, ಹಿಂದೆ ಮುಂದೆ, ಅತ್ತ ಇತ್ತ ಅನ್ನುವ ಚಲನೆಯನ್ನು ಮಾತ್ರ ಉಳಿಸುತ್ತದೆ. ಸುತ್ತು, ಸುತ್ತಾಡು. ತಿರುಗು, ತಿರುಗಾಡು. ನಿಮ್ಮ ‘ಅಡ್ಡಾಡು’ವಿನಲ್ಲಂತೂ ಕ್ರಿಯೆಯೇ ಇಲ್ಲ, ‘ಅಡ್ಡ’ ಅನ್ನುವ ದಿಕ್ಕು ಮಾತ್ರ. ನೇರ ಹೋಗದೆ ಅಡ್ಡಡ್ಡ ಹೋಗುವುದು. (ಹೊಡೆದಾಡು, ಕಿತ್ತಾಡುಗಳಲ್ಲಿ ‘ಒಬ್ಬರಿಗೊಬ್ಬರು’ ಎಂಬ ಅರ್ಥ ಬರುತ್ತದೆ. ಅದು ಬೇರೆ ಕವಲು.)

ಹಾಗಾಗಿ ‘ಆಡು’ ತಾನಾಗಿ ಬೈಗುಳವಲ್ಲ. ‘ಅಡ್ಡಾಡಿ ಬರೋಣ’ ಅನ್ನುವವನಿಗೆ ವಾಪಸು ಬರಲು ಮನೆ ಇದೆ. ಬೈಗುಳ ಹುಟ್ಟುವುದು ಆ ‘ಬರೋಣ’ ಇಲ್ಲದವನಿಗೆ ಅದೇ ಕ್ರಿಯೆಯನ್ನು ಹಚ್ಚಿದಾಗ.

ಉಪ್ಪಿನಕಾಯಿ:
ಉಂಡಾಡಿ? ಉಂಡಾಡಿ ಗುಂಡ?

ಬೇರುಬಿಳಲು:
ಉಂಡು + ಆಡಿ. ಉಂಡು ತಿರುಗುವವನು. ಅವನಿಗೆ ಮನೆ ಇದೆ, ಊಟ ಇದೆ, ಕೆಲಸವೊಂದಿಲ್ಲ. ಬಿಡಾಡಿಗಿಂತ ಉಂಡಾಡಿಯ ಪಾಡು ಎಷ್ಟೋ ವಾಸಿ.

ಫೈಲುಬಾಕಿ:
ಅಡ್ಡ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ‘ಅಲೆ’ ಅನ್ನುವುದನ್ನು ಗುರಿಯಿಲ್ಲದೆ ತಿರುಗುವುದು ಅಂತ ಎಲ್ಲರೂ ವಿವರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಪಿಂಚಣಿಗೋ ಖಾತೆ ಬದಲಾವಣೆಗೋ ಕಚೇರಿಯಿಂದ ಕಚೇರಿಗೆ ಹೋಗಿ ಚಪ್ಪಲಿ ಸವೆಸಿದವರು ‘ಅಲೆದು ಅಲೆದು ಸಾಕಾಯ್ತು’ ಅನ್ನುತ್ತಾರೆ. ಅವರಿಗಿರುವಷ್ಟು ಸ್ಪಷ್ಟ ಗುರಿ ಈ ಲೋಕದಲ್ಲಿ ಯಾರಿಗಿದೆ? ಒಂದು ಸಹಿ, ಒಂದು ಮೊಹರು! ಗುರಿ ಇದೆ, ಮುಟ್ಟಲು ಬಿಡುತ್ತಿಲ್ಲ. ಅಲೆಯುವುದು ಅಂದರೆ ತಲುಪದಿರುವುದು, ಅಷ್ಟೆ.

ಬೇರುಬಿಳಲು:
ಭೇಷ್. ಮೂಲಾರ್ಥವೂ ನಿಮ್ಮ ಪಕ್ಷದಲ್ಲೇ ಇದೆ. ಅಲೆ, ಅಲುಗು, ಅಲ್ಲಾಡು ಇವೆಲ್ಲ ಒಂದೇ ಬುಡದವು. ಬುಡದ ಅರ್ಥ ಅಲುಗಾಟ, ತೊಯ್ದಾಟ. ಸಮುದ್ರದ ಅಲೆಯೂ ಅದೇ. ತಮಿಳಿನಲ್ಲಿ ‘ಅಲೈ’ ತೆರೆಯೂ ಹೌದು, ತಿರುಗುವುದೂ ಹೌದು. ‘ಅಲೈಚ್ಚಲ್’ ಅಂದರೆ ಸುತ್ತಿ ಸುತ್ತಿ ಬಂದ ದಣಿವು. ಅಲೆ ತಾನಾಗಿ ಏಳುವುದಿಲ್ಲ, ಗಾಳಿ ಎಬ್ಬಿಸುತ್ತದೆ. ಕಚೇರಿಗೆ ಅಲೆಯುವವನೂ ತಾನಾಗಿ ಅಲೆಯುವುದಿಲ್ಲ, ‘ನಾಳೆ ಬನ್ನಿ’ ಅನ್ನುವವರು ಅಲೆಸುತ್ತಾರೆ.

ಅದೇ ‘ಅಡ್ಡಾಡು’ ನೋಡಿ, ಅಲ್ಲಿ ಗುರಿಯಿಲ್ಲ, ಆದರೆ ಇಷ್ಟವಿದೆ. ಆದ್ದರಿಂದಲೇ ‘ಸಂಜೆ ಹಾಗೇ ಅಲೆದು ಬರೋಣ್ವಾ’ ಎಂದು ಯಾರೂ ಕರೆಯುವುದಿಲ್ಲ. ನಿಘಂಟಿನಲ್ಲಿ ಎರಡಕ್ಕೂ ‘ತಿರುಗಾಡು’ ಎಂದು ಒಂದೇ ಅರ್ಥ ಬರೆದರೆ ಈ ವ್ಯತ್ಯಾಸ ನೀರಿಗೆ ಹೋದ ಹಾಗೆ.

ಊರುಗಡಿ:
ಇಷ್ಟು ಹೊತ್ತಾದರೂ ‘ಅಲೆಮಾರಿ’ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ಆ ಪದದ ಬಗ್ಗೆ ನನ್ನದು ತಕರಾರೇ.

ಹೆಳವರನ್ನು ತೆಗೆದುಕೊಳ್ಳಿ. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹೇಳುವವರು. ಅವರಿಗೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ವಂಶಪಾರಂಪರ್ಯವಾಗಿ ಹಂಚಿಕೆಯಾಗಿರುತ್ತದೆ. ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ಅವರಿಗೆ ಗೊತ್ತಿರುತ್ತದೆ. ಅವರ ದಾರಿ ರೈಲಿನ ವೇಳಾಪಟ್ಟಿಯಷ್ಟೇ ಗಟ್ಟಿ. ಬುಡಬುಡಕಿ, ದುರುಗಮುರುಗಿ, ಸುಡುಗಾಡುಸಿದ್ಧ, ಶಿಳ್ಳೇಕ್ಯಾತ, ಗೋಂಧಳಿ, ಯಾರನ್ನು ನೋಡಿದರೂ ಸುಗ್ಗಿ, ಜಾತ್ರೆ, ಮಳೆ ಇವುಗಳ ಲೆಕ್ಕ ಹಿಡಿದೇ ನಡೆಯುತ್ತಿದ್ದವರು. ಉತ್ತರ ಕರ್ನಾಟಕದ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಹೊರಟರೆ ಯಾರ ಹೊಲದಲ್ಲಿ ಎಷ್ಟು ರಾತ್ರಿ ಕುರಿ ನಿಲ್ಲಿಸಬೇಕು, ಗೊಬ್ಬರಕ್ಕೆ ಪ್ರತಿಯಾಗಿ ಏನು ಕೊಡಬೇಕು ಎಂಬುದೆಲ್ಲ ಮಾತಾಗಿರುತ್ತದೆ.

ಇವರಲ್ಲಿ ಯಾರು ಗೊತ್ತುಗುರಿಯಿಲ್ಲದೆ ತಿರುಗಿದವರು? ನಿಂತಲ್ಲೇ ನಿಂತ ನಾವು ಅವರು ಬಂದದ್ದನ್ನೂ ಹೋದದ್ದನ್ನೂ ಮಾತ್ರ ಕಂಡೆವು, ನಡುವಿನ ದಾರಿ ಕಾಣಲಿಲ್ಲ. ಅದಕ್ಕೆ ‘ಅಲೆಮಾರಿ’ ಅಂದೆವು. ಈಗ ಸರ್ಕಾರಿ ಪಟ್ಟಿಗಳಲ್ಲೂ ‘ಅಲೆಮಾರಿ, ಅರೆ ಅಲೆಮಾರಿ’ ಎಂದೇ ಇದೆ. ಬೈಗುಳದ ಅಂಚಿನಲ್ಲಿದ್ದ ಪದವನ್ನೇ ಹಕ್ಕು ಕೇಳುವ ಅರ್ಜಿಯಲ್ಲಿ ಬರೆಯಬೇಕು.

ಉಪ್ಪಿನಕಾಯಿ:
ಅಲೆಮಾರಿಯ ‘ಮಾರಿ’ ಮಾರಮ್ಮನಾ? ದುರುಗಮುರುಗಿಯವರು ಅಮ್ಮನನ್ನು ತಲೆಮೇಲೆ ಹೊತ್ತು ಊರೂರಿಗೆ ಹೋಗ್ತಾರಲ್ಲ.

ಬೇರುಬಿಳಲು:
ಚಿತ್ರ ಚೆನ್ನಾಗಿದೆ, ಅಷ್ಟಕ್ಕೇ ನಂಬಬೇಡಿ. ‘ಸೋಮಾರಿ’ಯಲ್ಲೂ ಮಾರಿ ಕಾಣಿಸುತ್ತಾಳೆ, ಆದರೆ ಅದರ ಪಕ್ಕದಲ್ಲೇ ‘ಸೋಂಬೇರಿ’ ಅನ್ನುವ ರೂಪ ಇದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಸೋಂಬೇರಿ ಕಟ್ಟೆ’ ಇಂದಿಗೂ ಕೇಳುತ್ತದೆ. ಅಲ್ಲಿರುವುದು ಸೋಂಬು, ಅಂದರೆ ಜಡತೆ. ದೇವಿಗೂ ಅದಕ್ಕೂ ಸಂಬಂಧವಿಲ್ಲ.

ಕಾಯ್ದೆಕಪಾಟು:
ಊರುಗಡಿ ಅವರ ಮಾತಿಗೆ ಸೇರಿಸುವಂಥದ್ದೊಂದಿದೆ. ಬ್ರಿಟಿಷ್ ಇಂಡಿಯಾದಲ್ಲಿ 1871ರ ಒಂದನೆಯ ಕಾಯ್ದೆಯೇ ದನಗಳ ಅತಿಕ್ರಮ ಪ್ರವೇಶದ ಕಾಯ್ದೆ. ಬೆಳೆಗೆ ನುಗ್ಗಿದ ದನವನ್ನು ಹಿಡಿದವನು 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು, ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಯಾರೂ ಬರದಿದ್ದರೆ ನೋಟಿಸು ಹೊರಡಿಸಿ ಹರಾಜು ಹಾಕಬೇಕು. ಅದೇ 1871ರ 27ನೆಯ ಕಾಯ್ದೆ ಯಾವುದು ಗೊತ್ತೇ? ಅಪರಾಧಿ ಬುಡಕಟ್ಟುಗಳ ಕಾಯ್ದೆ. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿ, ಹೆಸರು ನೋಂದಾಯಿಸಿ, ಅಪ್ಪಣೆಯಿಲ್ಲದೆ ಊರು ದಾಟದಂತೆ ಕಟ್ಟುಹಾಕಿದರು. ಮೊದಲು ಉತ್ತರದಲ್ಲಿ ಜಾರಿಯಾದದ್ದು 1911ರ ಕಾಯ್ದೆಯ ಮೂಲಕ ಮದ್ರಾಸ್ ಪ್ರಾಂತಕ್ಕೂ ಬಂತು. ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಒಂದೇ ವರ್ಷ, ಒಂದೇ ಶಾಸನಸಭೆ: ತಿರುಗುವ ದನಕ್ಕೊಂದು ಕಾಯ್ದೆ, ತಿರುಗುವ ಜನಕ್ಕೊಂದು ಕಾಯ್ದೆ. ದನಕ್ಕೆ ದಂಡ ಕಟ್ಟಿದರೆ ಬಿಡುಗಡೆಯಾದರೂ ಇತ್ತು.

ಎರೆಹೊಲ:
ದೊಡ್ಡಿಗೆ ನಮ್ಮ ಕಡೆ ‘ಕೊಂಡವಾಡ’ ಅಂತಾರ್ರಿ. ‘ದನ ಕೊಂಡವಾಡಕ್ಕ ಹಾಕ್ಯಾರ’ ಅಂದ್ರ ಆ ಮನಿಯವ್ರಿಗೆ ಊರಾಗ ಮಾರಿ ತೋರಸಾಕ ಆಗ್ತಿದ್ದಿಲ್ಲ. (ಈ ಮಾರಿ ಅಂದ್ರ ಮುಖ ಮತ್ತ, ಉಪ್ಪಿನಕಾಯಿಯವ್ರ ಮಾರಮ್ಮ ಅಲ್ಲ.)

ಸಂಜೆಮಲ್ಲಿಗೆ:
ಗಂಡಸರು ಬಿಡಾಡಿ, ಉಂಡಾಡಿ, ಪೋಲಿ ಅಂತೆಲ್ಲ ಪಟ್ಟಿ ಮಾಡಿದ್ದೀರಿ. ಈ ಪದಗಳಲ್ಲಿ ಬಯ್ಯುವಾಗಲೂ ಒಂದು ಮುದ್ದಿದೆ, ‘ನಮ್ಮ ಹುಡುಗ ಸ್ವಲ್ಪ ಉಂಡಾಡಿ’ ಎಂದು ತಾಯಿ ನಗುತ್ತಲೇ ಹೇಳಬಹುದು. ಹೆಣ್ಣು ಹೊರಗೆ ಕಾಲಿಟ್ಟರೆ ಯಾವ ಪದ? ‘ಬಜಾರಿ’. ಬಜಾರಿನಲ್ಲಿ ಕಂಡವಳು, ಅಷ್ಟೇ ಅಪರಾಧ. ‘ಬೀದಿಗೆ ಬಿದ್ದವಳು’. ಗಾದೆಯಂತೂ ಇದ್ದೇ ಇದೆ: ‘ಕೂತು ಕೆಟ್ಟ ಗಂಡು, ತಿರುಗಿ ಕೆಟ್ಟ ಹೆಣ್ಣು’. ‘ದೇಶ ಸುತ್ತು, ಕೋಶ ಓದು’ ಅಂದವರು ಮನಸ್ಸಿನಲ್ಲಿ ಯಾರನ್ನು ಇಟ್ಟುಕೊಂಡು ಹೇಳಿದರೋ!

ಇನ್ನು ನಿಮ್ಮ ‘ಬಿಡು’. ಹರಕೆ ಹೊತ್ತು ದೇವರಿಗೆ ಬಸವನನ್ನು ‘ಬಿಡುತ್ತಾರೆ’. ಆ ಗೂಳಿಗೆ ಮುದ್ರೆ ಒತ್ತಿರುತ್ತದೆ, ಯಾರ ಹೊಲದಲ್ಲಿ ಮೇದರೂ ಹೊಡೆಯುವಂತಿಲ್ಲ, ಬೀದಿಬಸವ ಅಂತ ಕೈಮುಗಿಯುತ್ತಾರೆ. ಅದೇ ಕ್ರಿಯಾಪದವನ್ನು ಹೆಣ್ಣುಮಕ್ಕಳಿಗೂ ಬಳಸಿದರು: ‘ಬಸವಿ ಬಿಟ್ಟರು’, ‘ದೇವರಿಗೆ ಬಿಟ್ಟರು’. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಆದದ್ದು 1982ರಲ್ಲಿ. ಬಿಟ್ಟ ಗೂಳಿಗೆ ಊರೆಲ್ಲ ಹೊಲ, ಬಿಟ್ಟ ಹುಡುಗಿಗೆ ಏನು ಸಿಕ್ಕಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಪದದ ಮೂಲ ಹುಡುಕುವಾಗ ಇದನ್ನೂ ಬರೆದುಕೊಳ್ಳಿ.

ಬೇರುಬಿಳಲು:
ಬರೆದುಕೊಂಡೆ ಅಕ್ಕ. ‘ಬಿಡು’ವಿನಲ್ಲಿ ಬಿಡುವವನೊಬ್ಬ ಇದ್ದೇ ಇರುತ್ತಾನೆ ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಹಾಲು ಬತ್ತಿದ ಹಸುವನ್ನೂ ಹೋರಿಗರುವನ್ನೂ ರಾತ್ರೋರಾತ್ರಿ ಪಟ್ಟಣದ ಅಂಚಿಗೆ ಹೊಡೆದು ಬಂದವನ ಹೆಸರು ‘ಬಿಡಾಡಿ ದನ’ ಎಂಬ ಸುದ್ದಿಯಲ್ಲಿ ಬರುವುದೇ ಇಲ್ಲ. ಅಪವಾದವೆಲ್ಲ ದನದ ತಲೆಗೆ.

ಸುಭಾಷಿತ:
ವಿಟಾಟಿ ವಾಪಸು ತೆಗೆದುಕೊಳ್ಳುತ್ತೇನೆ. ಆದರೆ ಸಂಸ್ಕೃತದ ಪಾಲೂ ಇದೆ ಎಂದು ಒಪ್ಪಿ. ಜಂಗಮ ಅನ್ನುವ ಪದ ‘ಗಮ್’ ಧಾತುವಿನದು, ಚಲಿಸುತ್ತಲೇ ಇರುವುದು ಎಂದರ್ಥ. 12ನೆಯ ಶತಮಾನದ ಶರಣರು ಆ ಪದವನ್ನು ಎಲ್ಲಿಗೆ ಏರಿಸಿದರು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ.

ಫೈಲುಬಾಕಿ:
ಪಾಲು ಇದೆ, ಆದರೆ ಹಂಚಿಕೆ ನೋಡಿ. ಮಠಾಧೀಶರು ‘ಸಂಚಾರ’ದಲ್ಲಿರುತ್ತಾರೆ, ಮಂತ್ರಿಗಳು ‘ಪ್ರವಾಸ’ದಲ್ಲಿ, ವಿದ್ವಾಂಸರು ‘ಪರ್ಯಟನೆ’ಯಲ್ಲಿ. ಬಡವ ಮಾತ್ರ ಅಲೆಯುತ್ತಾನೆ.

ಕಬ್ಬಿನಗದ್ದೆ:
ಇದು ಸಕ್ಕತ್ತಾಗಿದೆ.

ಬೇರುಬಿಳಲು:
‘ತಿರಿ’ ಅನ್ನುವುದರ ಕಥೆ ಕೇಳಿದರೆ ಫೈಲುಬಾಕಿಯವರಿಗೆ ಇನ್ನೂ ಖುಷಿಯಾಗಬಹುದು. ತಿರುಗು, ತಿರುಚು, ತಿರುವು, ತಿರುಪು ಎಲ್ಲ ‘ತಿರಿ’ಯ ಒಡಹುಟ್ಟುಗಳು, ಮೊದಲ ಅರ್ಥ ಸುತ್ತುವುದು. ತಮಿಳಿನಲ್ಲಿ ‘ತಿರಿ’ ಇಂದಿಗೂ ತಿರುಗಾಡು ಎಂದೇ. ಹಾಲು ಒಡೆದರೂ ಅವರು ‘ತಿರಿಂದದು’ ಅನ್ನುತ್ತಾರೆ, ಸ್ವಭಾವ ತಿರುಗಿತು ಅಂತ. ಕನ್ನಡದಲ್ಲಾದರೆ ಆ ಪದ ಬೇರೆ ಹಾದಿ ಹಿಡಿಯಿತು: ತಿರಿ ಅಂದರೆ ಬೇಡು. ತಿರಿದು ತಿನ್ನುವವನು ತಿರುಕ, ತಿರುಪೆಯವನು. ಮನೆಯಿಂದ ಮನೆಗೆ ತಿರುಗುವುದೇ ಬೇಡುವುದು ಆಗಿಹೋಯಿತು. ಕಾಲಿನ ಕೆಲಸಕ್ಕಿದ್ದ ಪದ ಕೈಗೆ ಬಂತು.

ಅದನ್ನು ತಲೆಯೆತ್ತಿ ಹಾಕಿಕೊಂಡವರೂ ಇದ್ದಾರೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಕಾವ್ಯನಾಮದಲ್ಲೇ ಬರೆದರು. ತಮ್ಮ ಆಶ್ರಮದ ಶಾಲೆಗಳಿಗಾಗಿ ಜನರ ಮುಂದೆ ಜೋಳಿಗೆ ಒಡ್ಡಿದವರು ಅವರು.

ಕರಡುಕಣ್ಣು:
ಇಷ್ಟೆಲ್ಲ ಓದಿದ ಮೇಲೆ ನನ್ನ ತೀರ್ಮಾನ ಹೀಗಿದೆ, ತಪ್ಪಿದ್ದರೆ ತಿದ್ದಿ. ದನದ ಸುದ್ದಿಯಲ್ಲಿ ‘ಬಿಡಾಡಿ’ ಎಂದೇ ಉಳಿಸುತ್ತೇನೆ. ರಚನೆಯಲ್ಲಿ ‘ಬೀಡಾಡಿ’ಗೆ ಬಲವಿದ್ದರೂ ಇಂದು ಆ ಪದ ಆಡುವವರ ಮನಸ್ಸಿನಲ್ಲಿ ಇರುವುದು ದಂಡಿನ ಡೇರೆಯಲ್ಲ, ಕಟ್ಟದೆ ಬಿಟ್ಟದ್ದು ಎಂಬ ಅರ್ಥವೇ. ಲೇಖಕರು ಪಟ್ಟು ಹಿಡಿದು ‘ಬೀಡಾಡಿ’ ಅಂದರೆ ತಪ್ಪೆಂದು ಹೊಡೆದುಹಾಕುವುದಿಲ್ಲ. ‘ಬೇವಾರಸಿ ದನ’ ಎಂದು ಒಬ್ಬರು ಬರೆದಿದ್ದಾರೆ, ಅದನ್ನು ಬಿಡಾಡಿ ಎಂದು ಬದಲಿಸಬಹುದಲ್ಲವೇ?

ಕಾಯ್ದೆಕಪಾಟು:
ಬೇಡಿ, ಅರ್ಥ ಬೇರೆ. ಬೇ-ವಾರಿಸ್, ಅಂದರೆ ವಾರಸುದಾರರಿಲ್ಲದ್ದು. ಅದು ಕಚೇರಿಯ ಫಾರ್ಸಿಯಿಂದ ಬಂದ ಮಾತು, ಮೊದಲಿಗೆ ಆಸ್ತಿಗೂ ಹೆಣಕ್ಕೂ ಅಂಟಿದ್ದು, ಬೈಗುಳವಾದದ್ದು ಆಮೇಲೆ. ಬಿಡಾಡಿ ದನಕ್ಕೆ ಒಡೆಯ ಇರಬಹುದು, ಸಂಜೆ ಹಾಲು ಕರೆಯಲು ಬರಲೂಬಹುದು. ಬೆಳಿಗ್ಗೆ ಮೇವು ಹಾಕುವ ಖರ್ಚು ಉಳಿಸಲು ಬೀದಿಗೆ ಬಿಟ್ಟಿರುತ್ತಾನೆ ಅಷ್ಟೆ.

ಕಾನುಅಂಚು:
ಮಲೆನಾಡಿನಿಂದ ಒಂದು ಮಾತು. ನೀವೆಲ್ಲ ಬೆಳೆ ತಿನ್ನುವ ದನವನ್ನೂ ಬಿಡಾಡಿ ಲೆಕ್ಕಕ್ಕೇ ಸೇರಿಸುತ್ತಿದ್ದೀರಿ. ನಮ್ಮಲ್ಲಿ ಅದಕ್ಕೆ ‘ತುಡುಗು ದನ’ ಅಂತ ಬೇರೆಯೇ ಹೆಸರು. ತುಡುಗು ಅಂದರೆ ಕಳವು. ಬಿಡಾಡಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ. ತುಡುಗು ದನಕ್ಕೆ ಯಾರ ಗದ್ದೆಯ ಬೇಲಿ ಎಲ್ಲಿ ಸಡಿಲವಾಗಿದೆ, ಮನೆಯವರು ಯಾವಾಗ ಊಟಕ್ಕೆ ಕೂರುತ್ತಾರೆ ಎಲ್ಲ ಗೊತ್ತು. ಹಗಲೆಲ್ಲ ಸಾಧುವಿನ ಹಾಗೆ ಮಲಗಿ ಮೆಲುಕು ಹಾಕಿ, ಕತ್ತಲಾದ ಮೇಲೆ ಎದ್ದು ಗದ್ದೆಗೆ ಇಳಿಯುತ್ತದೆ. ಕೊರಳಿಗೆ ಮರದ ತುಂಡು ಕಟ್ಟಿ ಕಾಲಿಗೆ ತಾಗುವ ಹಾಗೆ ಬಿಟ್ಟರೆ ಓಟ ಕಡಿಮೆಯಾಗುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿದ್ದದ್ದು ತುಂಡನ್ನು ಬೇಲಿಗೆ ಆನಿಸಿ, ಅದರಿಂದಲೇ ಗಳು ಸರಿಸಿ ಒಳಗೆ ಹೋಗುವುದನ್ನು ಕಲಿತಿತ್ತು.

ಎರೆಹೊಲ:
ನಮ್ಮಲ್ಲೂ ತುಡುಗು ದನ ಅಂತಾರ್ರಿ. ತುಡುಗು ಮನಶ್ಯಾ ಅಂತನೂ ಅಂತಾರ, ಆದರ ಅವರ ಕೊರಳಿಗೆ ಯಾರೂ ಏನೂ ಕಟ್ಟಂಗಿಲ್ಲ.